ಕುದುರೆಯ ಗುರುತಿಲ್ಲದ ಕಾವಲುಗಾರರು

ಅಜ್ಜಿಯ ಸನ್ನಿಧಾನಕ್ಕೆ ಮೊಮ್ಮಗಳು ಐಪೆರಿ ಉಬ್ಬಸ ವಾಸಿಮಾಡುವ ಉಪ್ಪಿನ ಗಣಿಯ ಆಸ್ಪತ್ರೆಯಿಂದ ಮಂಡಿಯೂರಿ ಮಾಡುವ ಅರಿಕೆ.

ಇವತ್ತು ಸೂಕ್ಷ್ಮದರ್ಶಕದಲ್ಲಿ ನನ್ನ ಕಫ ನೋಡಿದೆ. ಒಳಗೆ ಗುಲಾಬಿ ಬಣ್ಣದ ಕಾಳು ತುಂಬಿಕೊಂಡ ಜೀವಕೋಶಗಳು, ರಾಶಿ ರಾಶಿ!

“ಇವು ನಿನ್ನ ಮೈ ಕಾಯೋರು ಕಣೇ. ಕುದುರೆಯ ಚರ್ಮದಿಂದ ಉದುರೋ ಹೊಟ್ಟು ಒಳಗೆ ಬಂದ್ರೆ ಕಳ್ಳ ಬಂದ ಅಂತ ಎದೆಯೊಳಗೇ ಬಡಿದಾಡ್ತವೆ, ಶ್ವಾಸನಾಳ ಊದುತ್ತೆ,” ಅಂದರು ಡಾಕ್ಟರಮ್ಮ.

“ಕುದುರೆ ಗುರುತಿಲ್ಲದವು, ಕುದುರೆ ಬೆನ್ನ ಮೇಲೇ ಬೆಳೆಯೋ ಕಿರ್ಗಿಜರ ಮೈಗೆ ಹೇಗೆ ಸೇರಿದ್ವು?” ಅಂತ ಕೇಳಿದೆ.

“ನಿನ್ನ ಬಾಯಿಗೆ ಮಾತ್ರ ಉಬ್ಬಸವಿಲ್ಲ!”

ಅಜ್ಜಿ, ಧೈರ್ಯ ಬರಲೆಂದು ನೀನು ನನ್ನ ದಿಂಬಿನಡಿ ಇಡುವ ಕುದುರೆ ಜೀನಿನ ಕಂಬಳಿಯೇ ಅಪರಾಧಿ. ಅದನ್ನು ಲಾಯಕ್ಕೆ ಗಡಿಪಾರು ಮಾಡು. ನನ್ನ ಉಬ್ಬಸಕ್ಕೆ ಹೆದರಿ ಅಜ್ಜ ಕುದುರೆ ಮಾರುವುದು ಬೇಡ. ನಾನು ದೂರವಿದ್ದು ಔಷಧಿಯನ್ನು ಉಸಿರಲ್ಲಿ ಎಳೆದುಕೊಂಡರೆ ಸಾಕಂತೆ. ಮೂರು ದಿನದಿಂದ ಉಸಿರು ಸರಾಗ.

ಕಾಗದದಲ್ಲಿ ಜಾಗ ಮುಗಿಯಿತು. ಕುದುರೆಗೆ ನನ್ನ ಪರವಾಗಿ ಮುತ್ತು ಕೊಡು. ಶುಕ್ರವಾರ ನಾನು ಬರುವಷ್ಟರಲ್ಲಿ ಮುಖ ತೊಳೆದಿರು.