ಹೆಬ್ಬೆರಳಿನ ಗುಳಿ

ಬೋನ್ಸಾಯ್ ಕಲಿಸುವ ಮೇಡಂ ಅವರಿಗೆ,

ನಮಸ್ಕಾರ. ನಿಮ್ಮ ಮಕ್ಕಳ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಬಾಯಿಬಡುಕಿಯ ತಾಯಿ ನಾನು. ಅವಳು ತೀರಿಕೊಂಡು ವರ್ಷವಾಗುತ್ತ ಬಂತು. ಅವಳು ನೆಟ್ಟ ಪುಟ್ಟ ಆಲದ ಎಲೆಗಳೆಲ್ಲ ಉದುರುತ್ತಿವೆ. ಕುಂಡ ಬದಲಿಸಿಕೊಡಬೇಕು.

"ಬೆರಳಿಂದ ಒತ್ತಬೇಡ ಮರಿ, ಬೇರಿಗೆ ಉಸಿರು ಕಟ್ಟುತ್ತೆ. ಕಡ್ಡೀಲಿ ಮೆಲ್ಲಗೆ ಮಣ್ಣು ತುಂಬು" ಎಂದು ನೀವು ಗದರಿದ್ದಿರಂತೆ. "ಒತ್ತದಿದ್ರೆ ಬಿದ್ದುಬಿಡುತ್ತೆ ಮಿಸ್" ಎಂದು ಅವಳು ಕಾಂಡದ ಬುಡಕ್ಕೆ ಹೆಬ್ಬೆರಳು ಊರಿಯೇ ಬಂದಳು. ಆ ಗುಳಿ ಈಗಲೂ ಇದೆ. ದಿನಾ ನೀರು ಹಾಕಿದರೂ ಮುಚ್ಚಿಲ್ಲ. ದಿನಾ ಬೆಳಿಗ್ಗೆ ಎದ್ದವಳೇ ಅದರಲ್ಲಿ ನನ್ನ ಹೆಬ್ಬೆರಳು ಊರುತ್ತೇನೆ. ಒಳಗಿಂದ ಯಾರೋ ಹಿಡಿದುಕೊಂಡಂತಾಗುತ್ತದೆ. ಬಿಡಿಸಿಕೊಳ್ಳಲು ಮನಸ್ಸು ಬರುವುದಿಲ್ಲ.

ನಿನ್ನೆ ಗಮನಿಸಿದೆ. ನನ್ನ ಹೆಬ್ಬೆರಳು ಅದರಲ್ಲಿ ಕೂದಲೆಳೆಯಷ್ಟೂ ಜಾಗ ಬಿಡದೆ ಕೂರುತ್ತದೆ. ಮೇಡಂ, ಅವಳಿಗೆ ಏಳು ವರ್ಷವೂ ತುಂಬಿರಲಿಲ್ಲ. ಎಲೆ ಯಾಕೆ ಉದುರುತ್ತಿದೆ ಎಂದು ಆಗ ತಿಳಿಯಿತು.

ಈ ಶನಿವಾರ ದಯವಿಟ್ಟು ಬಿಡುವು ಮಾಡಿಕೊಳ್ಳಿ. ಹೊಸ ಮಣ್ಣು, ಕಡ್ಡಿ ನೀವೇ ತನ್ನಿ. ಮೇಲಿನ ಮಣ್ಣು ಹಾಗೇ ಇರಲಿ ಎಂದು ನಾನು ಗೋಗರೆದರೂ ಕಿವಿಗೆ ಹಾಕಿಕೊಳ್ಳಬೇಡಿ.

ಇಂತಿ,
ಅವಳ ಅಮ್ಮ