ತೂತಿಲ್ಲದ ದೋಣಿ

ಡಾರೀನಕ್ಕಾ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಇದನ್ನು ಒಲೆಗೆ ಹಾಕಬೇಕು ಅಂತ ನಿನಗೆ ಅನಿಸಿರುತ್ತದೆ. ಆದರೆ ನಿನ್ನ ಹೊಸ ಮನೆಯಲ್ಲಿ ಒಲೆಯೇ ಇಲ್ಲವಂತೆ, ಗುಂಡಿ ಒತ್ತಿದರೆ ಗೋಡೆಯೇ ಬಿಸಿಯಾಗುತ್ತದಂತೆ. ಹಾಗಾಗಿ ಬೇರೆ ದಾರಿಯಿಲ್ಲ, ಓದು. ಓದಿದ ಮೇಲೆ ಹರಿದು ಹಾಕಿದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾರ್ಚ್‌ನಲ್ಲಿ ನೀನು ಅಂಚೆಯಲ್ಲಿ ಬೀಗದ ಕೈ ಕಳಿಸಿದೆ. ನೀರಿಗೆ ಬಿದ್ದರೂ ತೇಲಲಿ ಅಂತ ಅದಕ್ಕೊಂದು ಬೆಂಡಿನ ಉಂಡೆ ಕಟ್ಟಿತ್ತು. ಜೊತೆಗೆ ಮೂರು ಸಾಲಿನ ಚೀಟಿ: ‘ಲ್ಯಾಪ್‌ವಿಂಗ್ ಇನ್ನು ಮೇಲೆ ನಿನ್ನದು. ನನ್ನ ಮೊಣಕಾಲಿನ ಕಥೆ ಮುಗಿಯಿತು. ದೋಣಿ ಬಾರ್ಲಾಸ್ಟನ್ ಸೇತುವೆಯ ಹತ್ತಿರ ಕಟ್ಟಿದೆ.’ ಅಷ್ಟೇ. ಹೇಗಿದ್ದೀಯಾ ಅಂತ ಇಲ್ಲ, ಬಂದು ನೋಡು ಅಂತ ಇಲ್ಲ. ಇಪ್ಪತ್ತೆರಡು ವರ್ಷ ಕಾಲುವೆಯ ಮೇಲೆ ನೀನು ಬಾಳಿದ ದೋಣಿಮನೆ ಅದು. ಭಾವ ಹೋದ ಮೇಲೂ ಒಬ್ಬಳೇ ಬಿಡದೆ ನಡೆಸಿದ ಮನೆ. ಅದನ್ನು ನೀನು ಒಂದು ಹಳೇ ಕೊಡೆ ದಾಟಿಸಿದಂತೆ ದಾಟಿಸಿದೆ. ನನ್ನ ಬಾಡಿಗೆ ಮನೆಯ ಯಜಮಾನ ಈಸ್ಟರ್ ಒಳಗೆ ಖಾಲಿ ಮಾಡು ಅಂದಿದ್ದು ಸರಿಯಾಗಿ ಅದರ ಹಿಂದಿನ ವಾರ. ಆ ಸುದ್ದಿ ನಿನಗೆ ಯಾರು ಹೇಳಿದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಖುಷಿಪಡಲಿಲ್ಲ ಅಕ್ಕಾ. ಬೀಗದ ಕೈ ಮೇಜಿನ ಮೇಲಿಟ್ಟು, ಇದರಲ್ಲಿ ಏನಿದೆ ಮಸಲತ್ತು ಅಂತ ಒಂದು ಗಂಟೆ ನೋಡುತ್ತಾ ಕೂತೆ. ನನ್ನದು ತಪ್ಪೇ? ನನ್ನ ಒಂಬತ್ತನೇ ಹುಟ್ಟುಹಬ್ಬಕ್ಕೆ ನೀನು ಕೊಟ್ಟ ಸೈಕಲ್ಲಿಗೆ ಬ್ರೇಕ್ ಇರಲಿಲ್ಲ. ಅದು ನನಗೆ ಗೊತ್ತಾಗಿದ್ದು ಇಳಿಜಾರಿನ ಕೊನೆಗೆ, ಪಾದ್ರಿಗಳ ಗುಲಾಬಿ ಗಿಡಗಳ ಮಧ್ಯೆ ಬಿದ್ದಾಗ. ಮದುವೆಗೆ ಕೊಟ್ಟ ಉಣ್ಣೆ ಕೋಟಿನ ಒಳಗೆ ನುಸಿ ತುಂಬಿತ್ತು. ಆಮೇಲೆ ಒಂದು ನಾಯಿ ಕೊಟ್ಟೆ. ಅದು ಅಂಚೆಯವರನ್ನು ಹುಡುಕಿ ಹುಡುಕಿ ಕಚ್ಚುತ್ತದೆ ಅಂತ ನಿನಗೆ ಮೊದಲೇ ತಿಳಿದಿತ್ತು. ಕೇಳಿದರೆ, ‘ಪುಕ್ಕಟೆ ಸಿಕ್ಕಿದ್ದಕ್ಕೂ ನಿಂದೊಂದು ತಕರಾರು’ ಅಂತ ನಗುತ್ತಿದ್ದೆ. ಅಂಥವಳು ಐವತ್ತೇಳು ಅಡಿಯ ಉಕ್ಕಿನ ದೋಣಿಯನ್ನು ಸುಮ್ಮನೆ ಕೊಡುತ್ತಾಳೆ ಅಂದರೆ ಆ ಉಕ್ಕಿನಲ್ಲಿ ಎಲ್ಲೋ ತೂತಿರಲೇಬೇಕು ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಆದರೂ ಬಂದೆ. ಹೋಗಲು ಬೇರೆ ಸೂರಿರಲಿಲ್ಲ.

ಬಂದ ದಿನವೇ ನಾರಿಸ್ ಸಿಕ್ಕಿದ. ಪಕ್ಕದಲ್ಲೇ ಅವನ ಹಸಿರು ದೋಣಿ ಕಟ್ಟಿತ್ತು. ಬಾಯಲ್ಲಿ ಸಿಗರೇಟು, ಕೈಯಲ್ಲಿ ಬೂದಿಯ ಬಕೆಟ್ಟು ಹಿಡಿದು ನನ್ನ ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿದ.

“ಏನ್ ತಾಯಿ, ಡಾರೀನ್ ತಂಗೀನಾ? ಕೊಂಡ್ಕೊಂಡ್ಯಾ?”

“ಇಲ್ಲ. ಕೊಟ್ಳು.”

“ಸುಮ್ನೆ?”

“ಸುಮ್ನೆ.”

“ಹೂಂ,” ಅಂದ. ಆ ಒಂದು ‘ಹೂಂ’ ನನ್ನ ತಲೆಯಲ್ಲಿ ಎರಡು ತಿಂಗಳು ಕೊರೆಯಿತು. ಅವನು ಎಲ್ಲದಕ್ಕೂ ಹಾಗೇ ಹೂಂಗುಡುತ್ತಾನೆ ಅಂತ ಆಮೇಲೆ ತಿಳಿಯಿತು.

ಒಳಗೆ ಎಲ್ಲಿ ನೋಡಿದರೂ ನಿನ್ನ ಚೀಟಿಗಳು. ಒಲೆಯ ಮೇಲೆ, ‘ಬಿಸಿ ಬೂದಿ ಒಳಗಿಡಬೇಡ, ಅದರ ವಿಷಗಾಳಿಗೆ ಬೆಳಗ್ಗೆ ಏಳುವುದಿಲ್ಲ.’ ಬಾಗಿಲ ಮೇಲೆ, ‘ಲಾಕ್‌ನ ತೊಟ್ಟಿಯಲ್ಲಿ ದೋಣಿ ಕೆಳಗಿನ ಕಾಲುವೆಗೆ ಇಳಿಯಲು ನೀರು ಇಳಿಸುವಾಗ ಗೋಡೆಯ ಬಿಳಿ ಗೆರೆಗಿಂತ ಮುಂದೆ ನಿಲ್ಲು, ಇಲ್ಲದಿದ್ದರೆ ಹಿಂಭಾಗ ಕಲ್ಲಿನ ಮೇಲೆ ಕೂತು ಮೂತಿ ಮುಳುಗುತ್ತದೆ.’ ಕಕ್ಕಸಿನ ಡಬ್ಬದ ಮೇಲೆ, ‘ತುಂಬುವ ತನಕ ಕಾಯಬೇಡ, ನೀನೇ ಹೊರಬೇಕು.’ ಬೇರೆ ಯಾರಾದರೂ ಇದನ್ನೆಲ್ಲ ಕಾಳಜಿ ಅನ್ನುತ್ತಿದ್ದರು. ನಾನು, ಇಷ್ಟೆಲ್ಲ ಹೇಳುವವಳು ಒಂದನ್ನು ಮುಚ್ಚಿಟ್ಟಿದ್ದಾಳೆ ಅಂದುಕೊಂಡೆ.

ಮೂರನೇ ದಿನ ಬೆಳಗ್ಗೆ ಹಿಂದಿನ ಹಲಗೆ ಎತ್ತಿ ನೋಡಿದರೆ ಎಂಜಿನ್ ಕೆಳಗೆ ನೀರು. ಒಂದು ಬೋಗುಣಿಯಷ್ಟು. ಪ್ರೊಪೆಲ್ಲರಿನ ದಂಡ ದೋಣಿಯಿಂದ ಹೊರಗೆ ಹೋಗುವ ಕಡೆ ಎಲ್ಲ ದೋಣಿಗಳಲ್ಲೂ ಹನಿ ಹನಿ ಒಸರುತ್ತದೆ, ಸಂಜೆ ಗ್ರೀಸಿನ ತಿರುಪು ಒಂದು ಸುತ್ತು ತಿರುಗಿಸಿದರೆ ನಿಲ್ಲುತ್ತದೆ ಅಂತ ನೀನೇ ಬರೆದಿಟ್ಟಿದ್ದೆ. ನಾನು ನಂಬಲಿಲ್ಲ. ಸಿಕ್ಕಿಬಿದ್ದೆ ಡಾರೀನ್ ಅಂತ ಜೋರಾಗಿ ಹೇಳಿದೆ, ಖಾಲಿ ದೋಣಿಯಲ್ಲಿ.

ಆ ದಂಡದ ಪಕ್ಕದಲ್ಲೇ ಒಂದು ಪೆಟ್ಟಿಗೆ ಕಂಡಿತು. ಪ್ರೊಪೆಲ್ಲರಿಗೆ ಕಳೆಯೋ ಹಗ್ಗವೋ ಸುತ್ತಿಕೊಂಡರೆ ಮುಚ್ಚಳ ತೆಗೆದು, ಕೈ ಇಳಿಸಿ ಬಿಡಿಸುವ ಕಳೆಪೆಟ್ಟಿಗೆ. ಅದರೊಳಗೆ ನಿಂತಿರುವುದು ಕಾಲುವೆಯ ನೀರೇ. ಮುಚ್ಚಳದ ಮೇಲೆ ನೀನು ಕೆಂಪು ಬಣ್ಣದಲ್ಲಿ ಬರೆದಿದ್ದೆ: ‘ಅಗತ್ಯವಿಲ್ಲದೆ ತೆಗೆಯಬೇಡ. ತೆಗೆದರೆ, ಮುಚ್ಚುವಾಗ ತಿರುಪು ಪೂರ್ತಿ ಬಿಗಿ ಮಾಡು.’ ಬೇರೆ ಎಲ್ಲವೂ ನೀಲಿ ಪೆನ್ನು, ಇದೊಂದು ಕೆಂಪು ಬಣ್ಣ. ಯಾಕೆ ತೆಗೆಯಬಾರದು? ಒಳಗೆ ಏನಿದೆ? ನಾನು ತೆಗೆದೆ. ಅಂಗಿಯ ತೋಳು ಮಡಿಚಿ ಭುಜದ ತನಕ ತಣ್ಣೀರಿಗೆ ಕೈ ಹಾಕಿ, ತಗಡನ್ನು ಬೆರಳಿನಲ್ಲಿ ತಡವಿ ತೂತು ಹುಡುಕಿದೆ. ಸಿಗಲಿಲ್ಲ. ಮಾರನೆಯ ದಿನವೂ ತೆಗೆದೆ. ಅದೇ ನನ್ನ ಬೆಳಗಿನ ಪೂಜೆಯಾಯಿತು. ಒಲೆಯ ಬೂದಿ ತೆಗೆಯುವುದು, ಕಿಟಕಿಯ ಬೆವರು ಒರೆಸುವುದು, ಚಹಾಕ್ಕೆ ಇಡುವುದು, ಆಮೇಲೆ ಕಳೆಪೆಟ್ಟಿಗೆಗೆ ಕೈ ಹಾಕಿ ನಿನ್ನನ್ನು ಬೈಯುವುದು.

ಈಗ ಹೇಳಲು ಕಷ್ಟವಾಗುವ ಭಾಗ. ಏಪ್ರಿಲ್‌ನಲ್ಲಿ ಟೆಸ್ಸಿಯ ದೋಣಿ ಬಂತು. ನಿನಗೆ ಹೇಳಬೇಕಾಗಿಲ್ಲ, ಕಲ್ಲಿದ್ದಲು ಮತ್ತು ಡೀಸೆಲ್ ಮಾರುತ್ತಾ ಪ್ರತಿ ದೋಣಿಯ ಪಕ್ಕ ನಿಲ್ಲುವವಳು ಅವಳು. ಮೂಟೆ ಇಳಿಸುತ್ತಾ, “ಹೆಂಗಿದೆ ಹೇಜಲಕ್ಕಾ ದೋಣಿ?” ಅಂದಳು. ನಾನು ಅಂದೆ: “ನಮ್ಮಕ್ಕ ತೂತು ದೋಣಿ ತಂದು ನನ್ ತಲೆಗೆ ಕಟ್ಟಿದಾಳೆ ಕಣೇ. ಅವಳು ಬದುಕಿರೋದೇ ಹಂಗೆ.” ಟೆಸ್ಸಿ ಮೂಟೆಯನ್ನು ಅರ್ಧದಲ್ಲೇ ಹಿಡಿದು, “ಡಾರೀನಾ? ನಮ್ ಡಾರೀನಾ?” ಅಂದಳು. ಹೌದು ಅಂದೆ. ಹೇಳಿದಾಗ ಒಂಥರಾ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ.

ಮೇ ಕೊನೆಯ ವಾರದಲ್ಲಿ ನೀರಿನ ಟ್ಯಾಂಕು ಬರಿದಾಯಿತು. ಮೀಫರ್ಡ್ ಲಾಕ್ ಇಳಿದು ನಲ್ಲಿಯ ಹತ್ತಿರ ಹೋಗಬೇಕಿತ್ತು. ಆ ಬೆಳಗ್ಗೆಯೂ ಕೈ ಪೆಟ್ಟಿಗೆಯಲ್ಲಿದ್ದಾಗಲೇ ಟೆಸ್ಸಿಯ ದೋಣಿಯ ಗಂಟೆ ಕೇಳಿಸಿತು. ಮುಚ್ಚಳ ಇಟ್ಟು, ತಿರುಪು ಆಮೇಲೆ ಅಂದುಕೊಂಡು, ಹಲಗೆ ಮುಚ್ಚಿ ಎದ್ದೆ. ಡೀಸೆಲ್ ಹಾಕಿಸಿಕೊಂಡೆ. ಹರಟಿದೆ. ದೋಣಿ ಕಟ್ಟಿದ್ದ ಗೂಟ ಕಿತ್ತು ಹೊರಟೆ.

ಮೆಲ್ಲಗೆ ಹೋಗುವಷ್ಟು ಹೊತ್ತು ಏನೂ ಆಗಲಿಲ್ಲ. ಬಯಲಿಗೆ ಬಂದಾಗ ಗಾಳಿ ದೋಣಿಯನ್ನು ದಡಕ್ಕೆ ಒತ್ತತೊಡಗಿತು, ನಾನು ಎಂಜಿನ್ ಜೋರು ಮಾಡಿದೆ. ಚುಕ್ಕಾಣಿ ಭಾರವಾಯಿತು. ಕಾಲ ಕೆಳಗೆ ಏನೋ ಗಳಗಳ ಅನ್ನುತ್ತಿತ್ತು. ತಿರುಗಿ ನೋಡಿದರೆ ಹಿಂಭಾಗ ಕೂತುಬಿಟ್ಟಿದೆ, ನೀರು ಅಂಚಿಗೆ ನಾಲ್ಕೇ ಬೆರಳು. ನನಗಿಂತ ಮುಂಚೆ ತನ್ನ ದೋಣಿ ತಂದು ಲಾಕ್‌ನ ಮೇಲೆ ನಿಂತಿದ್ದ ನಾರಿಸ್ ಕೈ ಬೀಸಿ ಕಿರುಚುತ್ತಿದ್ದ.

“ಎಂಜಿನ್ ನಿಲ್ಸು! ಹೇಜಲ್, ಎಂಜಿನ್ ನಿಲ್ಸೇ!”

ನಾನು ತಿರುಗಿ ಕಿರುಚಿದ್ದು ಏನು ಗೊತ್ತೇ? “ಹೇಳ್ಲಿಲ್ವಾ ನಾನು! ತೂತು! ಡಾರೀನ್ ತೂತು!” ನನ್ನ ಮನೆ ಮುಳುಗುತ್ತಿತ್ತು, ಪಾತ್ರೆ, ಹಾಸಿಗೆ, ಅಮ್ಮನ ಫೋಟೋ ಎಲ್ಲ ಅದರೊಳಗಿದ್ದವು. ಆದರೂ ಎದೆಯ ಒಂದು ಮೂಲೆಯಲ್ಲಿ ಗೆದ್ದೆ ಅನ್ನಿಸಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನಾರಿಸ್ ಹಗ್ಗ ಎಳೆದು ಕಟ್ಟಿ, ಒಳಗೆ ಇಳಿದು ಹಲಗೆ ಎತ್ತಿದ. ಎಂಜಿನ್ ಅರ್ಧ ಮುಳುಗಿತ್ತು. ಕಳೆಪೆಟ್ಟಿಗೆಯ ಮುಚ್ಚಳ ಓರೆಯಾಗಿ ಬಿದ್ದಿತ್ತು. ಪ್ರೊಪೆಲ್ಲರ್ ಜೋರಾಗಿ ತಿರುಗಿದಾಗೆಲ್ಲ ಕಾಲುವೆಯನ್ನೇ ಎತ್ತಿ ಒಳಗೆ ಸುರಿದಿತ್ತು.

“ಇದನ್ನ ತೆಗ್ದೋರ್ಯಾರು?” ಅಂದ.

“ನಾನೇ.”

“ಕಳೆ ಸಿಕ್ಕಿತ್ತಾ?”

“ಇಲ್ಲ.”

“ಹಗ್ಗ?”

“ಇಲ್ಲ.”

“ಮತ್ಯಾಕ್ ತೆಗ್ದೆ ತಾಯಿ?”

“ನೋಡೋಕೆ. ತೂತಿದ್ಯಾ ಅಂತ. ದಿನಾ ನೋಡ್ತೀನಿ.”

ಅವನು ಪಂಪು ಹಾಕಿ ಬಂದು ಲಾಕ್ ಬಾಗಿಲಿನ ತೊಲೆಯ ಮೇಲೆ ಕೂತ. ಆಮೇಲೆ ಹೇಳಿದ. ಹೇವುಡ್ ಕೂಡುಕಾಲುವೆಯ ಚಹಾದಂಗಡಿಗೆ ನೀನು ಪ್ರತಿ ಗುರುವಾರ ಬಸ್ಸಿನಲ್ಲಿ ಬರುತ್ತಿದ್ದೆ, ದೋಣಿ ಬಿಟ್ಟ ಮೇಲೂ ಬಿಟ್ಟಿರಲಿಲ್ಲ ಅಂತ. “ಟೆಸ್ಸಿ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಒಬ್ಬ ಎಲ್ಲರೆದ್ರಿಗೆ ಕೇಳ್ಬಿಟ್ಟ, ‘ಏನ್ ಡಾರೀನಮ್ಮಾ, ಒಡಹುಟ್ಟಿದೋಳಿಗೇ ಜರಡಿ ದಾಟಿಸ್ಬಿಟ್ಯಂತೆ?’ ಎಲ್ಲಾ ನಕ್ರು. ನಾನೂ ನಕ್ಕೆ ಅನ್ಕೋ. ಅವಳು ಕಪ್ಪು ಕೆಳಗಿಟ್ಳು, ಕೋಲು ತಗೊಂಡ್ಳು, ಎದ್ದು ಹೋದ್ಳು. ನಾಕು ಗುರುವಾರ ಆಯ್ತು, ಬಂದಿಲ್ಲ.”

ಅಕ್ಕಾ, ಕಾಲುವೆಯ ಮೇಲೆ ಬಾಳುವವರಿಗೆ ಬೀದಿಯಿಲ್ಲ, ಮನೆ ನಂಬರಿಲ್ಲ. ಇರುವುದು ಹೆಸರೊಂದೇ. ಡಾರೀನ್ ಹೇಳಿದಳು ಅಂದರೆ ಲಾಕ್ ಸರಿಯಿದೆ, ಡಾರೀನ್ ನೋಡಿದಳು ಅಂದರೆ ಹಗ್ಗ ಗಟ್ಟಿಯಿದೆ ಅಂತ ಜನ ಕಣ್ಣು ಮುಚ್ಚಿ ನಂಬುತ್ತಿದ್ದರು. ಅಂಥ ಹೆಸರನ್ನು ನಾನು ಎರಡು ಮೂಟೆ ಕಲ್ಲಿದ್ದಲು ಇಳಿಸಿಕೊಳ್ಳುವಷ್ಟರಲ್ಲಿ ಹಾಳು ಮಾಡಿದ್ದೆ.

ನಾರಿಸ್ ತನ್ನ ದೋಣಿಗೆ ಕಟ್ಟಿ ನನ್ನನ್ನು ದುರಸ್ತಿ ಅಂಗಳಕ್ಕೆ ಎಳೆದೊಯ್ದ. ಅಲ್ಲಿನ ತೊಟ್ಟಿಯೊಳಗೆ ತಂದು, ತೊಟ್ಟಿಯ ನೀರು ಬಸಿದು ದೋಣಿಯನ್ನು ತೊಲೆಗಳ ಮೇಲೆ ಕೂರಿಸಿದರು. ಪರೀಕ್ಷೆ ಮಾಡುವ ಗ್ಯಾರೆತ್ ಎಂಬಾತ ಸುತ್ತಿಗೆ ಹಿಡಿದು ಅಡಿಗಡಿಗೆ ಬಡಿದ, ದಪ್ಪ ಅಳೆಯುವ ಯಂತ್ರ ಇಟ್ಟು ನೋಡಿದ. ಆರು ಮಿಲಿಮೀಟರ್ ತಗಡು, ಮೂವತ್ತು ವರ್ಷದಲ್ಲಿ ಅರ್ಧ ಮಿಲಿಮೀಟರೂ ಸವೆದಿಲ್ಲ ಅಂದ. ತಪ್ಪದೆ ಟಾರು ಬಳಿಸಿದ್ದಾರೆ ಯಾರೋ ಅಂದ. “ಬಾಗ್ಲು ಕಿಟಕಿ ಬಿಟ್ರೆ ಇದ್ರಲ್ಲಿ ಬೇರೆ ತೂತಿಲ್ಲ ಮೇಡಂ.” ನಾನು ಅವನನ್ನೂ ನಂಬಲಿಲ್ಲ. ಅವನು ಊಟಕ್ಕೆ ಹೋದಾಗ ಅವನ ಸುತ್ತಿಗೆ ತೆಗೆದುಕೊಂಡು ಐವತ್ತೇಳು ಅಡಿಯನ್ನೂ ಎರಡೂ ಬದಿಯಿಂದ ಬಡಿದು ಬಂದೆ. ಎಲ್ಲ ಕಡೆ ಒಂದೇ ಸದ್ದು. ಕೊನೆಗೆ ದೋಣಿಯ ಕೆಳಗೆ ಒದ್ದೆ ಇಟ್ಟಿಗೆಯ ಮೇಲೆ ಕೂತು ಅತ್ತೆ. ಮೋಸ ಇರಲಿಲ್ಲ. ನೀನು ಒಳ್ಳೆಯ ದೋಣಿಯನ್ನು ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದೆ, ಅದನ್ನು ತೆಗೆದುಕೊಳ್ಳುವುದು ನನಗೆ ಗೊತ್ತಿರಲಿಲ್ಲ.

ಟೆಸ್ಸಿಗೆ ಹೇಳಿದೆ, ನಾನಂದದ್ದು ಸುಳ್ಳು, ಎಲ್ಲರಿಗೂ ಹೇಳು ಅಂತ. ಅವಳು, “ಆವಾಗ ಹೇಳ್ದಾಗ ಎಲ್ರೂ ಕಿವಿ ಕೊಟ್ರು ಕಣಕ್ಕಾ. ಈಗ ಹೇಳಿದ್ರೆ, ಇದ್ದಲು ಕೊಟ್ಟು ಮುಂದಕ್ ಹೋಗು ಅಂತಾರೆ,” ಅಂದಳು. ಹಾಗಾಗಿ ಹೋದ ಗುರುವಾರ ನಾನೇ ಹೇವುಡ್‌ಗೆ ಹೋದೆ. ಚಹಾದಂಗಡಿಯ ಮಧ್ಯೆ ನಿಂತು, “ಲ್ಯಾಪ್‌ವಿಂಗ್‌ನಲ್ಲಿ ತೂತಿಲ್ಲ. ಮುಚ್ಚಳ ಬಿಗಿ ಮಾಡದೆ ನಾನೇ ಮುಳುಗಿಸೋಕೆ ಹೋಗಿದ್ದೆ. ನನ್ನಕ್ಕನ ಮೇಲೆ ಅಪವಾದ ಹೊರಿಸ್ದೆ,” ಅಂದೆ.  ಯಾರೋ, “ಕಳೆಪೆಟ್ಟಿಗೆ ತೆಗ್ದಿಟ್ಟು ಲಾಕಿಗೆ ಹೊರಟ್ಯಾ?” ಅಂತ ಕೇಳಿದ್ದೇ ತಡ, ಇಡೀ ಅಂಗಡಿ ಬಿದ್ದು ಬಿದ್ದು ನಕ್ಕಿತು. ನಗಲಿ ಅಂತ ನಿಂತೇ ಇದ್ದೆ. ಈಗ ಸುತ್ತಲ ಇಪ್ಪತ್ತು ಮೈಲಿಯಲ್ಲಿ ನನಗೆ ಮುಚ್ಚಳದ ಹೇಜಲ್ ಅಂತಲೇ ಹೆಸರು. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಅದು ನಿನ್ನದು ಅಂತ ಚಹಾ ಕೊಡುವ ಹೆಂಗಸು ಹೇಳಿದಳು.

ನನ್ನ ಅನುಮಾನ ಪೂರ್ತಿ ಹೋಗಿದೆ ಅಂತ ತಿಳಿಯಬೇಡ. ಸೈಕಲ್ಲಿನ ಬ್ರೇಕ್ ವಿಷಯ ಇವತ್ತಿಗೂ ನನಗೆ ಲೆಕ್ಕ ಹತ್ತಿಲ್ಲ. ನನ್ನ ಮನೆ ಹೋಗುತ್ತಿದೆ ಅಂತ ನಿನಗೆ ಹೇಳಿದವರು ಯಾರು ಅನ್ನುವುದೂ ಗೊತ್ತಾಗಬೇಕು. ಅದನ್ನೆಲ್ಲ ಕಾಗದದಲ್ಲಿ ಕೇಳಿದರೆ ನೀನು ಜಾರಿಕೊಳ್ಳುತ್ತೀಯ, ಎದುರಿಗೆ ಕೂತು ಕೇಳಬೇಕು.

ಎಂಜಿನ್ ಒಣಗಿದೆ, ನಡೆಯುತ್ತಿದೆ. ನಾಳೆ ಬೆಳಗ್ಗೆ ಹೊರಡುತ್ತೇನೆ. ರೂಜ್‌ಲಿಯಲ್ಲಿ ನಿನ್ನ ಮನೆಯ ಹಿತ್ತಲಿಗೇ ಕಾಲುವೆ ತಾಗುತ್ತದೆ ಅಂತ ನಾರಿಸ್ ಹೇಳಿದ, ಅಡುಗೆಮನೆಯ ಕಿಟಕಿಯಿಂದ ದೋಣಿಗಳು ಕಾಣುತ್ತವಂತೆ. ಒಬ್ಬಳೇ ಲಾಕ್ ದಾಟಿಕೊಂಡು ಬರಲು ಮೂರು ದಿನ ಬೇಕು. ಆ ಕಿಟಕಿಯ ಕೆಳಗೇ ಗೂಟ ಹೊಡೆಯುತ್ತೇನೆ. ನಮ್ಮಂಥ ಅಲೆಮಾರಿ ದೋಣಿಗಳು ಒಂದು ಜಾಗದಲ್ಲಿ ಹದಿನಾಲ್ಕು ದಿನ ನಿಲ್ಲಬಹುದು ಅಂತ ನಿಯಮವಿದೆ, ಅಷ್ಟೂ ದಿನ ನಿಲ್ಲುತ್ತೇನೆ. ದಿನಾ ಸಂಜೆ ಎರಡು ಕಪ್ಪು ಚಹಾ ಮಾಡುತ್ತೇನೆ. ನೀನು ಪರದೆ ಎಳೆದುಕೊಂಡರೆ ಎಳೆದುಕೋ. ಹದಿನೈದನೇ ದಿನ ಗೂಟ ಕಿತ್ತು ಮುಂದೆ ಹೋಗುತ್ತೇನೆ, ದೋಣಿ ತಿರುಗಿಸುವಷ್ಟು ಅಗಲದ ಜಾಗ ಸಿಕ್ಕಿದ ಕೂಡಲೇ ತಿರುಗಿಸಿಕೊಂಡು ಬರುತ್ತೇನೆ. ಇದು ಆಟ ಅಂತ ಕಾಲುವೆಯ ಅಧಿಕಾರಿಗಳು ಗದರಿಸಿದರೆ, ನನ್ನಕ್ಕ ಇಲ್ಲಿದ್ದಾಳೆ ಅನ್ನುತ್ತೇನೆ.

ನಿನ್ನ ಮೊಣಕಾಲಿಗೆ ದೋಣಿಯ ಮೂರು ಮೆಟ್ಟಿಲು ಇಳಿಯುವಷ್ಟು ಬಲವನ್ನಾದರೂ ದೇವರು ಕೊಡಲಿ. ಉಳಿದದ್ದಕ್ಕೆ ನಾನು ಕೈ ಹಿಡಿಯುತ್ತೇನೆ.

ನಿನ್ನ ತಂಗಿ,
ಹೇಜಲ್