ಮೂರನೆಯ ಸಲ ಕೇಳದ ಊರು

ಐಸೆಲಿನ್,
ಜುಲೈ ೧೪

ಪ್ರೀತಿಯ ಭೂಮಿಕಾ,

ಚಿಕಾಗೋದಲ್ಲಿ ಆಸ್ಪತ್ರೆ ಡ್ಯೂಟಿಯ ನಡುವೆಯೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದು ನಂಬಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ನಡುನಡುವೆ ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿ ನನ್ನ ಧೈರ್ಯ ಕೆಡಿಸುತ್ತೀಯ. ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ನಾನು ಹೇಳಿ ಮುಗಿಸಿರುತ್ತೇನೆ.

ನಾನು ಸೇರಿರುವ ಕಾಲೇಜಿನ ಜರ್ಮನ್ ಕ್ಲಾಸಿನ ಜೊತೆ ಎರಡು ವಾರ ಜರ್ಮನಿಗೆ ಹೋಗಿ ಬಂದೆನಲ್ಲ, ಅದರ ಪೂರ್ತಿ ಸುದ್ದಿ ನಿನಗೆ ಹೇಳಿಲ್ಲ. ಅಲ್ಲಿ ದೊಡ್ಡದೊಂದು ಅವಕಾಶ ನನ್ನ ಮುಂದೆ ಬಂದು ನಿಂತಿತ್ತು. ನಾನು ರೂಢಿಯಂತೆ ಬೇಡ ಅಂದುಬಿಟ್ಟೆ.

ನಡುವಿನ ವೀಕೆಂಡಿಗೆ ಗುಂಪು ಬ್ರೆಮೆನ್‌ಗೆ ಹೊರಟಿತು. ನನ್ನನ್ನು ಬಿಟ್ಟರೆ ಎಲ್ಲರೂ ನಿನಗಿಂತ ಚಿಕ್ಕವರು. ಕ್ಲಾಸಿನಲ್ಲಿ ಆಂಟಿ ಅನ್ನಬಾರದೆಂದು ತಾಕೀತು ಮಾಡಿದ್ದರೂ ನಮ್ಮ ಪಕ್ಕದೂರು ಎಡಿಸನ್ನಿನ ಹುಡುಗ ಪ್ರೀತಮ್, ಆಂಟಿ, ಪ್ಲಾಟ್‌ಫಾರ್ಮ್ ಚೇಂಜ್ ಆಗಿದೆ, ಓಡಿ ಎಂದು ನನ್ನನ್ನು ಓಡಿಸಿಯೇ ರೈಲು ಹತ್ತಿಸಿದ. ಊರಿನ ಚೌಕದಲ್ಲಿ ಕಂಚಿನದೊಂದು ಕತ್ತೆಯಿದೆ. ಅದರ ಮುಂಗಾಲು ಹಿಡಿದು ಬೇಡಿಕೊಂಡರೆ ಅಂದುಕೊಂಡದ್ದು ಆಗುತ್ತದಂತೆ. ನಾನು ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅದೇ ಕ್ರಮವೆಂದು ತಿಳಿದು ನನ್ನ ಹಿಂದಿದ್ದ ಹುಡುಗರೆಲ್ಲ ಹಾಗೇ ಮಾಡಿದರು.

ಮಧ್ಯಾಹ್ನ ನಮ್ಮ ಟೀಚರ್ ಉಟೆಯ ತಾಯಿಯ ಮನೆಯಲ್ಲಿ ಕಾಫಿ. ಮುದುಕಿ ಪ್ಲಮ್ ಹಣ್ಣಿನ ಕೇಕು ತಂದು ಮೊದಲು ನನ್ನ ಮುಂದೆಯೇ ಹಿಡಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಆದರೂ ನಮ್ಮ ಬಾಯಿ ಗೊತ್ತಲ್ಲ, ಬೇಡ ಬೇಡ ಅಂದೆ. ಇನ್ನೊಂದು ಸಲ ಕೇಳುತ್ತಾಳೆ, ಆಗ ಸ್ವಲ್ಪ ಅನ್ನೋಣ, ಮೂರನೆಯ ಸಲಕ್ಕೆ ತಟ್ಟೆ ಒಡ್ಡೋಣ ಎಂದು ಕೂತಿದ್ದೆ. ಆಕೆ ನಗುತ್ತಾ ತಲೆಯಾಡಿಸಿ ಪ್ರೀತಮನ ಕಡೆ ತಿರುಗಿದಳು. ಅವನು ನನ್ನ ಪಾಲನ್ನೂ ತಿಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಷ್ಟಾದರೂ ಬುದ್ಧಿ ಬಂತೇ? ವಾಪಸು ರೈಲಿನಲ್ಲಿ ಉಟೆ ಪಕ್ಕದಲ್ಲಿ ಕೂತು, ಸೆಪ್ಟೆಂಬರಿನಿಂದ ಒಂದು ಸೆಮಿಸ್ಟರ್ ಬ್ರೆಮೆನ್‌ನಲ್ಲಿ ಓದಲು ಒಂದು ಸೀಟು ಖಾಲಿಯಿದೆ, ನೀವು ಹೋಗುತ್ತೀರಾ ಎಂದು ಕೇಳಿದಳು. ಎದೆ ಹೂಂ ಅಂದಿತು, ಬಾಯಿ ಬೇಡ ಬೇಡ, ನನಗೇಕೆ ಅಂದಿತು. ಆಕೆ ಸರಿ ಎಂದು ಪುಸ್ತಕ ತೆರೆದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ, ಮಗಳೇ. ಅಷ್ಟು ಆಸೆಯಿತ್ತು.

ಮೊನ್ನೆ ಇಲ್ಲೇ ಓಕ್ ಟ್ರೀ ರೋಡಿನ ಹಿಂದೆ ನನ್ನ ಗೆಳತಿ ರುದ್ರಮ್ಮನ ಮನೆಯಲ್ಲಿ ಊಟ. ಹೋಳಿಗೆ ಸಾಕೆಂದು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದೆ. ಆಕೆ, ಕೈ ತಗೀರಿ ಸಾಕು, ನಾಟಕ ಬ್ಯಾಡ ಎಂದು ಕೈ ಸರಿಸಿ ಎರಡು ಬಡಿಸಿದಳು. ಆಗ ಹೊಳೆಯಿತು. ಉಟೆಗೆ ನನ್ನ ಕೈ ಸರಿಸುವುದು ಗೊತ್ತಿಲ್ಲ, ನಾನೇ ತೆಗೆಯಬೇಕು. ಕೈ ತೊಳೆದು ಕಾರಿನಲ್ಲಿ ಕೂತು ಫೋನ್ ಮಾಡಿದೆ. ನನ್ನ ಬೇಡ ಅನ್ನುವುದು ಬೇಡವಲ್ಲ ಎಂದು ಬಿಡಿಸಿ ಹೇಳಿದೆ. ಆಕೆಗೆ ಎಷ್ಟು ಅರ್ಥವಾಯಿತೋ, ಸೀಟು ಮಾತ್ರ ಇನ್ನೂ ಉಳಿದಿತ್ತು. ಬರುತ್ತೇನೆ ಅಂದೆ, ಒಂದೇ ಸಲಕ್ಕೆ.

ನಿನ್ನ ಅಪ್ಪನಿಗೆ ಹೇಳಿದಾಗ, ಹೋಗಿ ಬಾ, ನಾ ಏನ್ ಸಣ್ಣ ಹುಡುಗ ಏನ ಅಂದರು. ಆಮೇಲೆ ಟೊಮ್ಯಾಟೊ ಗಿಡಕ್ಕೆ ನೀರು ಹಾಕಲು ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ. ಸಂಕಟವಾಯಿತು, ಮನಸ್ಸು ಮಾತ್ರ ಬದಲಿಸಲಿಲ್ಲ. ನೀನು ಭಾನುವಾರ ಅವರಿಗೆ ಫೋನ್ ಮಾಡು. ಅವರು ಬ್ಯುಸಿ ಇದ್ದೀನಿ ಅಂದರೂ ಫೋನ್ ಇಡಬೇಡ.

ನಿನ್ನ ಅಮ್ಮ,
ರಮ್ಯಶ್ರೀ
(ಕ್ಲಾಸಿನಲ್ಲಿ ಈಗಲೂ ಆಂಟಿ)

ಮರೆತದ್ದು: ಕ್ರಿಸ್‌ಮಸ್ಸಿಗೆ ಬ್ರೆಮೆನ್‌ಗೆ ಬನ್ನಿ ಎಂದು ಅಪ್ಪನನ್ನು ಕರೆದೆ. ಬ್ಯಾಡ ಬ್ಯಾಡ, ಆ ಥಂಡ್ಯಾಗ ನಾ ಯಾಕ ಅಂದರು. ಇನ್ನೂ ಎರಡು ಸಲ ಕೇಳುವವಳಿದ್ದೇನೆ. ಬೇಸ್‌ಮೆಂಟಿನಲ್ಲಿದ್ದ ಅವರ ಸೂಟ್‌ಕೇಸು ಇವತ್ತು ಬೆಳಿಗ್ಗೆ ತಾನಾಗಿಯೇ ಮೇಲೆ ಬಂದಿದೆ.